ಹಕ್ಕಿ ಹಿಂಡಿನ ಎಣಿಕೆ: ಛಾಯಾಚಿತ್ರದ ಸಹಾಯದಿಂದ

ಹಿಂಗಾರಿ ಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ನಾಗಲದಿನ್ನೆಯ ತುಂಗಭದ್ರಾ ದಂಡೆಯಿಂದ ಹಿಡಿದು ಎಮ್ಮಿಗನೂರು, ಆದವಾನಿ ಕಡೆಯ ಎರೆಹೊಲಗಳವರೆಗೆ ಕೇಳಿಬರುವ ಮಾತು ಒಂದೇ: "ಹಕ್ಕಿ ಬಿದ್ದಿವೆ." ಕಾಲುವೆ ನೀರಿನಲ್ಲಿ ಕಬ್ಬು ಮಾಡುವ ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರಿಗೆ ಮಳೆಯಾಶ್ರಿತ ಜಮೀನೂ ಇದ್ದು, ಅಲ್ಲಿ ಜೋಳ, ಕಡಲೆ ಬಿತ್ತುವುದು ವಾಡಿಕೆ. ಹಕ್ಕಿ ಎಷ್ಟು ಎಂದು ಕೇಳಿದರೆ ಒಬ್ಬರು ಹತ್ತು ಸಾವಿರ ಎನ್ನುತ್ತಾರೆ, ಬದುವಿನ ಆಚೆ ನಿಂತವರು ಲಕ್ಷ ಎನ್ನುತ್ತಾರೆ, ಮೂರನೆಯವರು "ಲೆಕ್ಕವೇ ಇಲ್ಲ" ಎಂದು ಕೈಬಿಡುತ್ತಾರೆ. ಮೂವರೂ ನೋಡಿದ್ದು ಒಂದೇ ಹಿಂಡನ್ನು. ಮೂರನೆಯವರ ಉತ್ತರವೇ ಹೆಚ್ಚು ಪ್ರಾಮಾಣಿಕವಾದುದು. ಆದರೆ ಅದರಿಂದ ಯಾವ ಕೆಲಸವೂ ಆಗುವುದಿಲ್ಲ.

ಹೀಗೆ ದೊಡ್ಡ ಹಿಂಡಾಗಿ ಬರುವ ಹಕ್ಕಿಗಳಲ್ಲಿ ಮುಖ್ಯವಾದುದು ಗುಲಾಬಿ ಕಬ್ಬಕ್ಕಿ. ಮೈ ತಿಳಿಗುಲಾಬಿ, ತಲೆ, ರೆಕ್ಕೆ, ಬಾಲ ಕಪ್ಪು; ಗಾತ್ರದಲ್ಲಿ ನಮ್ಮ ಗೊರವಂಕದಷ್ಟು. ಹೆಸರಿನಲ್ಲಿ ಕಬ್ಬು ಕಂಡಿತೆಂದು ಬೆಳೆಗಾರರು ಗಾಬರಿಯಾಗಬೇಕಿಲ್ಲ, ಜಲ್ಲೆಗೆ ಇದು ಬಾಯಿ ಹಾಕುವ ಹಕ್ಕಿಯಲ್ಲ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆ ಹೇರಳವಾಗಿರುವ ಕಡೆ ಮರಿಮಾಡಿ, ಮಳೆಗಾಲದ ಕೊನೆಯ ಹೊತ್ತಿಗೆ ನಮ್ಮ ಕಡೆ ಬಂದು, ಏಪ್ರಿಲ್ ವೇಳೆಗೆ ಹಿಂದಿರುಗುತ್ತದೆ. ಜೋಳ ತಿನ್ನುವುದು ನಿಜ. ಹಾಗೆಯೇ ಮಿಡತೆ, ಹುಳುಗಳನ್ನು ತಿನ್ನುವುದೂ, ಮುತ್ತುಗ, ಬೂರುಗದ ಹೂವಿಗೆ ಮುತ್ತುವುದೂ ನಿಜ. ಚೀನಾದ ಶಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆಯ ಹಾವಳಿ ತಡೆಯಲು ಈ ಹಕ್ಕಿಗೆಂದೇ ಗೂಡುಗಳನ್ನು ಕಟ್ಟಿಕೊಡುತ್ತಾರೆ. ನಾವು ತಮಟೆ ಬಾರಿಸಿ ಓಡಿಸುವ ಹಕ್ಕಿಯನ್ನು ಅವರು ಮನೆ ಕಟ್ಟಿ ಕರೆಯುತ್ತಾರೆ.

ಎಣಿಕೆ ಏಕೆ ಬೇಕು ಎಂಬುದು ಸಹಜವಾದ ಪ್ರಶ್ನೆ. ಕಾವಲಿಗೆ ಒಬ್ಬ ಆಳು ಸಾಕೋ ಮೂವರು ಬೇಕೋ, ಹೊಳೆಯುವ ಪಟ್ಟಿ ಕಟ್ಟಿದ ಮೇಲೆ ಹಿಂಡು ನಿಜವಾಗಿ ಕಡಿಮೆಯಾಯಿತೋ ಅಥವಾ ನಮಗೆ ಹಾಗೆ ತೋರಿತೋ, ತೆನೆಯನ್ನು ನಾಲ್ಕು ದಿನ ಮುಂಚೆ ಕೊಯ್ಯಬೇಕೋ ಎಂಬುದೆಲ್ಲ ಸಂಖ್ಯೆಯ ಮೇಲೆ ನಿಂತಿದೆ. "ಲಕ್ಷ ಹಕ್ಕಿ" ಎಂಬ ಮಾತು ಊರಲ್ಲಿ ಹಬ್ಬಿದರೆ ಯಾರಾದರೂ ಕಾಳಿಗೆ ವಿಷ ಬೆರೆಸಿ ಹೊಲದಲ್ಲಿ ಚೆಲ್ಲಿಬಿಡುವ ಅಪಾಯವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ವಿಷವಿಟ್ಟು ಕೊಲ್ಲುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಅದಕ್ಕಿಂತ ಹೆಚ್ಚಿಗೆ, ಅದೇ ಕಾಳನ್ನು ಮನೆಯ ಕೋಳಿಯೂ ತಿನ್ನುತ್ತದೆ, ಬದುವಿನಲ್ಲಿ ಮೇಯುವ ಮೇಕೆಯೂ ತಿನ್ನುತ್ತದೆ.

ಕಣ್ಣಂದಾಜು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ನೂರೈವತ್ತು ವರ್ಷಗಳ ಹಿಂದೆಯೇ ಒಬ್ಬರು ಪರೀಕ್ಷಿಸಿ ನೋಡಿದ್ದಾರೆ. ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞರು ಒಂದು ಪೆಟ್ಟಿಗೆಯೊಳಗೆ ಕಪ್ಪು ಕಾಳುಗಳನ್ನು ಎಸೆದು, ಕಣ್ಣು ಬಿದ್ದ ಕೂಡಲೇ ಎಷ್ಟೆಂದು ಹೇಳಿ, ಬಳಿಕ ಎಣಿಸಿದರು. ಹೀಗೆ 1,027 ಸಲ ಮಾಡಿ ಫಲಿತಾಂಶವನ್ನು 1871ರಲ್ಲಿ ಪ್ರಕಟಿಸಿದರು. ಮೂರು, ನಾಲ್ಕು ಕಾಳು ಇದ್ದಾಗ ಅವರು ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ತಪ್ಪು ಶುರುವಾಯಿತು. ಹತ್ತು ದಾಟಿದ ಮೇಲಂತೂ ಹೇಳುವುದೇ ಬೇಡ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು. ಒಂದು ಹಿಡಿ ಜೋಳವನ್ನು ಗೋಣಿತಟ್ಟಿನ ಮೇಲೆ ಎರಚಿ, ಮನೆಮಂದಿಯೆಲ್ಲ ಒಂದೊಂದು ಅಂದಾಜು ಹೇಳಿ, ಆಮೇಲೆ ಎಣಿಸಿರಿ. ಮಕ್ಕಳು ಗೆಲ್ಲುವುದೇ ಹೆಚ್ಚು ಎಂಬುದು ನನ್ನ ಅನುಭವ.

ಕಾಳು ಕೂತಲ್ಲೇ ಕೂತಿರುತ್ತದೆ, ಹಕ್ಕಿ ಹಾರುತ್ತದೆ. ದೊಡ್ಡ ಹಿಂಡುಗಳನ್ನು ಕಣ್ಣಿನಿಂದ ಅಂದಾಜು ಮಾಡಿದಾಗ ಅನುಭವಸ್ಥರಿಗೂ ಸಾಮಾನ್ಯವಾಗಿ ಎಣಿಕೆ ಕಡಿಮೆ ಬೀಳುತ್ತದೆಯೆಂದು ಛಾಯಾಚಿತ್ರದೊಡನೆ ಹೋಲಿಸಿ ನೋಡಿದವರು ಕಂಡುಕೊಂಡಿದ್ದಾರೆ. ಬೆಳೆ ಕಳೆದುಕೊಳ್ಳುವ ಭಯದಲ್ಲಿ ನೋಡುವ ನಮ್ಮಂಥವರಿಗೆ ಮಾತ್ರ ಹೆಚ್ಚಾಗಿ ಕಾಣುತ್ತದೆ. ಎರಡೂ ತಪ್ಪೇ. ಛಾಯಾಚಿತ್ರದ ಗುಣವೆಂದರೆ, ಅದು ಹಾರುವ ಹಿಂಡನ್ನು ಗೋಣಿತಟ್ಟಿನ ಮೇಲಿನ ಕಾಳಿನಂತೆ ನಿಲ್ಲಿಸಿ ಕೊಡುತ್ತದೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸಿ ಸರಿಯೋ ತಪ್ಪೋ ಹೇಳಬಹುದು. ಇಂದು ಹೆಚ್ಚಿನ ಮನೆಗಳಲ್ಲಿ ಮೊಬೈಲ್ ಫೋನು ಇರುವುದರಿಂದ ಇದಕ್ಕಾಗಿ ಬೇರೆ ಕ್ಯಾಮೆರಾ ಕೊಳ್ಳಬೇಕಾಗಿಯೂ ಇಲ್ಲ.

ಚಿತ್ರ ತೆಗೆಯುವಾಗ ಗಮನಿಸಬೇಕಾದ ಮೊದಲ ಸಂಗತಿ, ಹಿಂಡು ಜೋಳದಲ್ಲಿ ಇಳಿದು ಕುಳಿತಿರುವಾಗ ಎಣಿಕೆಗೆ ಬರುವುದಿಲ್ಲ. ಅರ್ಧಕ್ಕರ್ಧ ಎಲೆಯ ಮರೆಯಲ್ಲಿರುತ್ತವೆ. ಹಿಂಡು ಎದ್ದು ಆಕಾಶಕ್ಕೆ ಹಾರಿದಾಗ, ಇಲ್ಲವೆ ತಂತಿಯ ಮೇಲೆ ಸಾಲಾಗಿ ಕುಳಿತಾಗ, ಇಲ್ಲವೆ ಸಂಜೆ ತಂಗುವ ಮರಗಳ ಕಡೆ ಹೊರಟಾಗ ತೆಗೆಯಬೇಕು. ಬಿಸಿಲು ನಮ್ಮ ಬೆನ್ನಿಗಿರಲಿ. ಹಿಂಡು ಸುರುಳಿ ಸುತ್ತುವಾಗ ಒಮ್ಮೆ ಒತ್ತಾಗಿ ಕರ್ರಗೆ ಕಾಣುತ್ತದೆ, ಮರುಗಳಿಗೆ ಹರಡಿ ತೆಳ್ಳಗಾಗುತ್ತದೆ. ಬೆನ್ನುಬೆನ್ನಿಗೆ ಐದಾರು ಚಿತ್ರ ತೆಗೆದು, ಇಡೀ ಹಿಂಡು ಚೌಕಟ್ಟಿನೊಳಗಿದ್ದು ಅತ್ಯಂತ ತೆಳ್ಳಗೆ ಹರಡಿರುವ ಒಂದನ್ನು ಮಾತ್ರ ಎಣಿಕೆಗೆ ಆರಿಸಿಕೊಳ್ಳಬೇಕು. ಫೋನಿನಲ್ಲಿ ಚಿತ್ರವನ್ನು ಹಿಗ್ಗಿಸಿ ತೆಗೆಯುವುದಕ್ಕಿಂತ ನಾಲ್ಕು ಹೆಜ್ಜೆ ಹತ್ತಿರ ಹೋಗುವುದು ಮೇಲು. ಹಿಗ್ಗಿಸಿದ ಚಿತ್ರದಲ್ಲಿ ಹಕ್ಕಿ ಮಸಿಯ ಹನಿಯಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕೆರೆಯ ನೀರಿನ ಮೇಲಿರುವ ಬಾತುಗಳನ್ನಾದರೆ ಏರಿಯ ಮೇಲೆ ನಿಂತು ತೆಗೆಯಬೇಕು. ನೀರಿನ ಮಟ್ಟದಿಂದ ತೆಗೆದರೆ ಮುಂದಿನ ಬಾತು ಹಿಂದಿನ ನಾಲ್ಕನ್ನು ಮುಚ್ಚಿಬಿಡುತ್ತದೆ.

ಇನ್ನೂರು ಮುನ್ನೂರು ಹಕ್ಕಿಗಳಿದ್ದರೆ ಒಂದೊಂದಾಗಿಯೇ ಎಣಿಸುವುದು ಸುಲಭ. ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮೇಲೆ ಪುಸ್ತಕಕ್ಕೆ ಹೊದಿಸುವ ಪಾರದರ್ಶಕ ಹಾಳೆ ಇಟ್ಟು, ಎಣಿಸಿದ ಪ್ರತಿ ಹಕ್ಕಿಯ ಮೇಲೆ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡುತ್ತ ಹೋಗಬೇಕು. ನೂರಕ್ಕೊಮ್ಮೆ ಬಣ್ಣ ಬದಲಿಸಿದರೆ ನಡುವೆ ಯಾರಾದರೂ ಮಾತನಾಡಿಸಿದರೂ ಲೆಕ್ಕ ತಪ್ಪುವುದಿಲ್ಲ. ಕಂಪ್ಯೂಟರ್ ಬಲ್ಲ ಮಕ್ಕಳು ಇದೇ ಕೆಲಸವನ್ನು ತೆರೆಯ ಮೇಲೆ ಚುಕ್ಕೆಯಿಟ್ಟು ಮಾಡಬಲ್ಲರು. ತಾನೇ ಎಣಿಸಿ ಹೇಳುವ ಕಾರ್ಯಕ್ರಮಗಳೂ ಈಗ ಬಂದಿವೆ. ಶುಭ್ರ ಆಕಾಶದ ಹಿನ್ನೆಲೆಯಿದ್ದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಮರದ ಕೊಂಬೆ ನಡುವೆ ಬಂದರೆ ಎಲೆಯನ್ನೂ ಹಕ್ಕಿ ಎಂದುಬಿಡುತ್ತವೆ. ಯಂತ್ರ ಹೇಳಿದ್ದನ್ನು ಒಂದು ಮೂಲೆಯಲ್ಲಾದರೂ ಕೈಯಿಂದ ಎಣಿಸಿ ತಾಳೆ ನೋಡದೆ ಒಪ್ಪಬಾರದು.

ಹಿಂಡು ಸಾವಿರ ಮೀರಿದಾಗ ಮಾದರಿ ಎಣಿಕೆಗೆ ಇಳಿಯಬೇಕಾಗುತ್ತದೆ. ಇದು ನಮ್ಮ ಬೆಳೆಗಾರರಿಗೆ ಹೊಸದೇನಲ್ಲ. ಕಬ್ಬಿನ ಅಂದಾಜು ಇಳುವರಿ ತೆಗೆಯಲು ಹೊಲದ ಪ್ರತಿಯೊಂದು ಜಲ್ಲೆಯನ್ನೂ ಯಾರೂ ಎಣಿಸುವುದಿಲ್ಲ. ಸಾಲಿನಿಂದ ಸಾಲಿಗೆ 3 ಅಡಿ ಇದ್ದರೆ ಎಕರೆಗೆ 14,520 ಅಡಿ ಉದ್ದದ ಸಾಲು ಬರುತ್ತದೆ. ಹೊಲದ ಬೇರೆಬೇರೆ ಕಡೆ 10 ಅಡಿ ಸಾಲಿನ ಜಲ್ಲೆ ಎಣಿಸಿ, ಸರಾಸರಿ 32 ಬಂದರೆ ಎಕರೆಗೆ 46,464 ಜಲ್ಲೆ. ಜಲ್ಲೆಯೊಂದಕ್ಕೆ ಒಂದು ಕಿಲೋ ಹಿಡಿದರೆ 46 ಟನ್ನಿನಷ್ಟಾಗುತ್ತದೆ. ಬದುವಿನ ಅಂಚಿನಲ್ಲಿ ಬಿಸಿಲು ಗಾಳಿ ಚೆನ್ನಾಗಿ ಸಿಕ್ಕ ಸಾಲನ್ನೇ ಎಣಿಸಿ ಇಡೀ ಹೊಲಕ್ಕೆ ಗುಣಿಸಿದರೆ ಏನಾಗುತ್ತದೆಂಬುದು ತೂಕದ ಕಾಟಾದ ಮುಂದೆ ನಿಂತವರಿಗೆಲ್ಲ ಗೊತ್ತು. ಹಕ್ಕಿಯ ಚಿತ್ರದಲ್ಲಿಯೂ ನಡೆಯುವ ತಪ್ಪು ಅದೇ: ಕಣ್ಣು ಒತ್ತಾಗಿರುವ ಕಡೆಗೇ ಹೋಗುತ್ತದೆ.

ಒಂದು ಉದಾಹರಣೆ ಮಾಡಿ ನೋಡೋಣ. ಚಿತ್ರದ ಮೇಲೆ ಅಡ್ಡಲಾಗಿ 8, ಉದ್ದಕ್ಕೆ 6 ಮನೆಗಳಾಗುವಂತೆ ಗೆರೆ ಎಳೆದರೆ 48 ಚೌಕಗಳಾಗುತ್ತವೆ. ಅವುಗಳಲ್ಲಿ 12 ಚೌಕಗಳಲ್ಲಿ ಹಕ್ಕಿ ಒತ್ತಾಗಿವೆ, 20ರಲ್ಲಿ ಮಧ್ಯಮ, ಉಳಿದ 16ರಲ್ಲಿ ಅಲ್ಲೊಂದು ಇಲ್ಲೊಂದು ಇವೆಯೆಂದು ಇಟ್ಟುಕೊಳ್ಳೋಣ. ಒತ್ತಾದ ಚೌಕಗಳಲ್ಲಿ ಮೂರನ್ನು ಚೀಟಿ ಎತ್ತಿ ಆರಿಸಿ ಎಣಿಸಿದಾಗ 64, 71, 57 ಬಂದವು. ಸರಾಸರಿ 64, ಹನ್ನೆರಡಕ್ಕೆ 768. ಮಧ್ಯಮ ಚೌಕಗಳಲ್ಲಿ ನಾಲ್ಕನ್ನು ಎಣಿಸಿದಾಗ 22, 18, 25, 19; ಸರಾಸರಿ 21, ಇಪ್ಪತ್ತಕ್ಕೆ 420. ಚದುರಿದ ಚೌಕಗಳನ್ನು ಪೂರ್ತಿ ಎಣಿಸಿದಾಗ 37. ಒಟ್ಟು 1,225. ಒತ್ತಾದ ಚೌಕದ 64ನ್ನೇ ಹಿಡಿದು 48ರಿಂದ ಗುಣಿಸಿದ್ದರೆ 3,072 ಬರುತ್ತಿತ್ತು, ಅಂದರೆ ಎರಡೂವರೆ ಪಟ್ಟು. ಬದುವಿನ ಮೇಲೆ ಹತ್ತು ಸಾವಿರ, ಲಕ್ಷ ಎಂಬ ಮಾತು ಹುಟ್ಟುವ ದಾರಿ ಇದೇ ಇರಬೇಕೆಂದು ತೋರುತ್ತದೆ.

ಚೌಕದ ಗೆರೆಯ ಮೇಲೆಯೇ ಬಿದ್ದ ಹಕ್ಕಿಯನ್ನು ಯಾವ ಚೌಕಕ್ಕೆ ಸೇರಿಸಬೇಕೆಂಬ ಪ್ರಶ್ನೆ ಬರುತ್ತದೆ. ಎಡಗಡೆಯ ಮತ್ತು ಮೇಲುಗಡೆಯ ಗೆರೆಗೆ ತಾಗಿದ್ದನ್ನು ಸೇರಿಸಿ, ಬಲ ಮತ್ತು ಕೆಳಗಿನ ಗೆರೆಗೆ ತಾಗಿದ್ದನ್ನು ಬಿಡಬೇಕು. ಎಲ್ಲ ಚೌಕಗಳಿಗೂ ಇದೊಂದೇ ನಿಯಮ ಹಿಡಿದರೆ ಯಾವ ಹಕ್ಕಿಯೂ ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ರಕ್ತದ ಕಣಗಳನ್ನು ಎಣಿಸುವುದೂ ಇಂಥದೇ ನಿಯಮದ ಮೇಲೆ. ಇನ್ನು, ಎಣಿಸಿದ ಚೌಕಗಳ ಸಂಖ್ಯೆಗಳು 64, 71, 57 ಎಂಬಂತೆ ಹತ್ತಿರ ಹತ್ತಿರ ಇದ್ದರೆ ಸರಾಸರಿಯನ್ನು ನಂಬಬಹುದು. 20, 64, 130 ಎಂದು ಚೆಲ್ಲಾಪಿಲ್ಲಿಯಾದರೆ ಇನ್ನೂ ನಾಲ್ಕು ಚೌಕ ಎಣಿಸದೆ ಬಿಡಬಾರದು. ಕೊನೆಗೆ ಬರೆದಿಡುವಾಗ 1,225 ಎನ್ನುವುದಕ್ಕಿಂತ "ಸುಮಾರು 1,200" ಎನ್ನುವುದು ಸರಿಯಾದ ಮಾತು. ಮಾದರಿಯಿಂದ ಬಂದ ಲೆಕ್ಕಕ್ಕೆ ಕೊನೆಯ ಇಪ್ಪತ್ತೈದರ ಬಗ್ಗೆ ಆಣೆಯಿಡುವ ಯೋಗ್ಯತೆ ಇಲ್ಲ.

ಈ ಲೇಖಕ ಮೊದಲ ಸಲ ಎಣಿಸಲು ಹೋಗಿ ಮೋಸಹೋದದ್ದನ್ನೂ ಹೇಳಬೇಕು. ನಾಗಲದಿನ್ನೆಯ ಹೊಳೆಯ ದಂಡೆಯಲ್ಲಿ ಸಂಜೆ ನಿಂತು, ಹಿಂಡು ಒಂದು ಚಿತ್ರದಲ್ಲಿ ಹಿಡಿಸದ ಕಾರಣ ಎಡದಿಂದ ಬಲಕ್ಕೆ ನಾಲ್ಕು ಚಿತ್ರ ತೆಗೆದುಕೊಂಡು ಬಂದು, ನಾಲ್ಕನ್ನೂ ಎಣಿಸಿ ಕೂಡಿಸಿ, ದೊಡ್ಡ ಸಂಖ್ಯೆ ಬಂದಿತೆಂದು ಹಿಗ್ಗಿದ್ದಾಯಿತು. ಮರುದಿನ ಚಿತ್ರಗಳನ್ನು ಪಕ್ಕಪಕ್ಕಕ್ಕಿಟ್ಟು ನೋಡಿದರೆ ಒಂದೇ ಈಚಲು ಮರ ಎರಡರಲ್ಲಿಯೂ ಇದೆ! ನಡುವಿನ ಹಕ್ಕಿಗಳೆಲ್ಲ ಎರಡೆರಡು ಸಲ ಎಣಿಕೆಯಾಗಿದ್ದವು. ಸಾಲದ್ದಕ್ಕೆ ನಾನು ಬಲಕ್ಕೆ ತಿರುಗಿದಂತೆ ಹಿಂಡೂ ಬಲಕ್ಕೇ ಹಾರುತ್ತಿತ್ತು. ಅಂದಿನಿಂದ, ಒಂದಕ್ಕಿಂತ ಹೆಚ್ಚು ಚಿತ್ರ ಬೇಕಾದರೆ ಮರ, ಕಂಬ, ಗುಡಿಯ ಗೋಪುರ ಹೀಗೆ ಅಲುಗದ ಗುರುತೊಂದು ಪ್ರತಿ ಚಿತ್ರದ ಅಂಚಿನಲ್ಲಿ ಬರುವಂತೆ ತೆಗೆದು, ಆ ಗುರುತಿನಲ್ಲಿ ಗೆರೆ ಎಳೆದು, ಗೆರೆಯಾಚೆಯದನ್ನು ಬಿಡುವುದು ರೂಢಿಯಾಯಿತು. ಹಿಂಡು ಹಾರುವ ದಿಕ್ಕಿಗೆ ಎದುರಾಗಿ ಚಿತ್ರ ತೆಗೆಯುತ್ತ ಹೋಗುವುದೂ ರೂಢಿಯಾಯಿತು. ಹಿಂಡು ಹೊಳೆಯಂತೆ ಬಹಳ ಹೊತ್ತು ಹರಿದು ಬರುತ್ತಿದ್ದರೆ ಒಂದು ಕಂಬವನ್ನು ಗುರುತು ಹಿಡಿದು, ಅದನ್ನು ಒಂದು ನಿಮಿಷದಲ್ಲಿ ಎಷ್ಟು ಹಕ್ಕಿ ದಾಟುತ್ತವೆಂದು ಹತ್ತು ಹನ್ನೆರಡು ಸಲ ಎಣಿಸಿ, ಒಟ್ಟು ನಿಮಿಷಗಳಿಂದ ಗುಣಿಸುವುದೇ ವಾಸಿ.

ಎಷ್ಟೇ ಎಚ್ಚರ ವಹಿಸಿದರೂ ಹಕ್ಕಿಯ ಹಿಂದೆ ಮರೆಯಾದ ಹಕ್ಕಿ ಚಿತ್ರಕ್ಕೆ ಬರುವುದಿಲ್ಲ. ಆದುದರಿಂದ ಚಿತ್ರದ ಎಣಿಕೆಯನ್ನು "ಕನಿಷ್ಠ ಇಷ್ಟು" ಎಂದು ಓದಬೇಕು. ಹಿನ್ನೆಲೆ ಸ್ವಚ್ಛವಾಗಿದ್ದರೆ ಈ ದೋಷ ತೀರ ಕಡಿಮೆ. ಅಂಟಾರ್ಕ್ಟಿಕಾದ ಬಿಳಿ ಹಿಮದ ಮೇಲೆ ನಿಲ್ಲುವ ಎಂಪರರ್ ಪೆಂಗ್ವಿನ್‌ಗಳನ್ನು ಉಪಗ್ರಹದ ಚಿತ್ರಗಳಿಂದಲೇ ಅಂದಾಜು ಮಾಡಿ, 46 ನೆಲೆಗಳಲ್ಲಿ ಸುಮಾರು 5,95,000 ಹಕ್ಕಿಗಳಿವೆಯೆಂದು 2012ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಚಿತ್ರದ ಕರಿಯ ಮಚ್ಚೆಗೆ ಎಷ್ಟು ಹಕ್ಕಿ ಎಂಬುದನ್ನು ಕೆಲವು ನೆಲೆಗಳ ನೇರ ಎಣಿಕೆಯೊಡನೆ ತಾಳೆ ನೋಡಿಯೇ ಲೆಕ್ಕ ಹಾಕಬೇಕಾಯಿತು.

ಎಣಿಕೆಯಿಂದ ಊರಿನ ಕೆರೆಗೆ ಏನಾಗಬಹುದೆಂಬುದಕ್ಕೆ ನಮ್ಮದೇ ಹೊಳೆಯ ಮೇಲ್ಭಾಗದಲ್ಲಿ ನಿದರ್ಶನವಿದೆ. ನಮ್ಮ ಕೆಳಮಟ್ಟದ ಕಾಲುವೆಗೆ ನೀರು ಕೊಡುವ ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಸಮೀಪ, ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಅಂಕಸಮುದ್ರವೆಂಬ ಹಳ್ಳಿಯಿದೆ. ಅಲ್ಲಿಯ ಕೆರೆ ಶತಮಾನಗಳ ಹಿಂದೆ ನೀರಾವರಿಗೆ ಕಟ್ಟಿದ್ದು. ವಿಸ್ತಾರ 244 ಎಕರೆ. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರ ಜನವರಿ ಕೊನೆಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದಂತೆ ಅಂತರರಾಷ್ಟ್ರೀಯ ಮಹತ್ವವುಳ್ಳ ಜೌಗು ನೆಲೆಗಳ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಆ ಪಟ್ಟಿಗೆ ಸೇರುವ ದಾರಿಗಳಲ್ಲಿ ಎರಡು ಪೂರ್ತಿ ಎಣಿಕೆಯ ಮೇಲೆಯೇ ನಿಂತಿವೆ. ಒಂದು, ಆ ನೆಲೆಯಲ್ಲಿ ವರ್ಷವರ್ಷವೂ 20,000 ಅಥವಾ ಹೆಚ್ಚು ನೀರುಹಕ್ಕಿಗಳಿರಬೇಕು. ಇನ್ನೊಂದು, ಯಾವುದಾದರೂ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲಾದರೂ ಅಲ್ಲಿರಬೇಕು. ಅಂಕಸಮುದ್ರದಲ್ಲಿ 30,000ಕ್ಕೂ ಮಿಕ್ಕಿ ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ತಂಗುತ್ತವೆ ಎಂದೂ, ಬಣ್ಣದ ಕೊಕ್ಕರೆ ಹಾಗೂ ಬಿಳಿ ಕೆಂಬರಲು ಎರಡೂ ನೂರಕ್ಕೆ ಒಂದನ್ನು ಮೀರಿವೆ ಎಂದೂ ದಾಖಲೆಯಾಗಿದೆ. "ಬಹಳ ಹಕ್ಕಿ ಬರುತ್ತವೆ" ಎಂಬ ಅರ್ಜಿಯಿಂದ ಇದು ಆಗುವಂತಿರಲಿಲ್ಲ. ಗೂಡು ಕಟ್ಟುವ ಕೆರೆಗಳಲ್ಲಿ ಹಕ್ಕಿಗಿಂತ ಗೂಡನ್ನು ಎಣಿಸುವುದು ಸುಲಭವೆಂಬುದನ್ನೂ ಇಲ್ಲಿ ಹೇಳಬಹುದು: ಗೂಡಿಗೆ ಎರಡು ಹಕ್ಕಿ.

ಅದರ ಜೊತೆಗೇ ಪಟ್ಟಿಗೆ ಸೇರಿದ್ದು ಪ್ರಕಟವಾದ ಇನ್ನೊಂದು ಕೆರೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಸುಮಾರು 50 ಹೆಕ್ಟೇರಿನ ಈ ಚಿಕ್ಕ ಕೆರೆಗೆ ಚಳಿಗಾಲದಲ್ಲಿ 8,000ದಷ್ಟು ಹಕ್ಕಿ ಬರುತ್ತವೆ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಚಳಿಗಾಲದ ನೆಲೆಗಳಲ್ಲಿ ಅದೂ ಒಂದು. ಮಂಗೋಲಿಯಾ, ಟಿಬೆಟ್ಟುಗಳಿಂದ ಹಿಮಾಲಯ ದಾಟಿ ಬರುವ ಈ ಬಾತುಗಳು ಹಗಲು ನೀರಿನಲ್ಲಿದ್ದು, ಮೇವಿಗೆ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಅಲ್ಲಿಯ ರೈತರಿಗೂ ನಮಗೂ ಇರುವ ಪ್ರಶ್ನೆ ಒಂದೇ. ಬಾತು ದೊಡ್ಡ ಹಕ್ಕಿ, ನೀರಿನ ಮೇಲೆ ಕದಲದೆ ಕೂರುತ್ತದೆ. ಚಿತ್ರದ ಎಣಿಕೆ ಕಲಿಯುವವರಿಗೆ ಅಷ್ಟು ಒಳ್ಳೆಯ ಪಾಠ ಬೇರೊಂದಿಲ್ಲ.

ಈಗ ನಮ್ಮ ಜೋಳದ ಹೊಲಕ್ಕೆ ಬರೋಣ. ಹಕ್ಕಿಯ ಸಂಖ್ಯೆ ಗೊತ್ತಾದ ಮಾತ್ರಕ್ಕೆ ನಷ್ಟ ಗೊತ್ತಾಗಲಿಲ್ಲ. ಚಿತ್ರವನ್ನು ನಿಧಾನವಾಗಿ ನೋಡಿದರೆ "ಜೋಳದ ಹಕ್ಕಿ" ಎಂದುಕೊಂಡ ಹಿಂಡಿನಲ್ಲಿ ಗೊರವಂಕ, ಗೀಜಗ, ಗಿಳಿ ಬೆರೆತಿರುವುದು ಕಾಣಬಹುದು. ಹಿಂಡಿನ ಅರ್ಧ ಭಾಗ ಪಕ್ಕದ ಉತ್ತ ಹೊಲದಲ್ಲಿ ಹುಳು ಹೆಕ್ಕುತ್ತಿರುವುದೂ ಉಂಟು. ನಷ್ಟ ತಿಳಿಯಲು ತೆನೆಯನ್ನೇ ಎಣಿಸಬೇಕು: ಹೊಲದ ನಡುವೆಯೂ ಅಂಚಿನಲ್ಲಿಯೂ ಸೇರಿ ನೂರು ತೆನೆ ನೋಡಿ, ಎಷ್ಟರಲ್ಲಿ ಕಾಳು ಹೋಗಿದೆ, ಪ್ರತಿಯೊಂದರಲ್ಲಿ ಕಾಲುಭಾಗವೋ ಅರ್ಧವೋ ಎಂದು ಬರೆಯಬೇಕು. ಹಿಂಡಿನ ಚಿತ್ರವನ್ನೂ ತೆನೆಯ ಲೆಕ್ಕವನ್ನೂ ನಾಲ್ಕು ದಿನಕ್ಕೊಮ್ಮೆ ಅದೇ ಹೊತ್ತಿಗೆ, ಅದೇ ಜಾಗದಿಂದ ತೆಗೆದರೆ ಕಾವಲು ಫಲಿಸಿತೋ ಇಲ್ಲವೋ ಸ್ಪಷ್ಟವಾಗುತ್ತದೆ. ಹಿಂಡು ಅಷ್ಟೇ ಇದ್ದು ತೆನೆಯ ನಷ್ಟ ನಿಂತಿದ್ದರೆ, ಕಾಳು ಗಟ್ಟಿಯಾಗಿ ಹಕ್ಕಿಗಳು ಬೇರೆ ಮೇವಿಗೆ ತಿರುಗಿರಬಹುದು. ಆಗ ಆಳಿನ ಕೂಲಿ ಉಳಿಸಬಹುದು.

ಕಬ್ಬಿನ ಹೊಲದಲ್ಲಂತೂ ಹಕ್ಕಿಯ ಎಣಿಕೆ ಬೇರೆ ಅರ್ಥದ್ದು. ನಾಟಿಗೆ ಮುಂಚೆ ಆಳವಾಗಿ ಉಳುವಾಗ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿ, ಗೊರವಂಕ, ಕಾಗೆಗಳು ಸಾಲುಗಟ್ಟಿದರೆ ಮಣ್ಣಿನಲ್ಲಿ ಗೊಣ್ಣೆಹುಳು ಇರಬಹುದೆಂಬ ಸೂಚನೆ, ಅವುಗಳನ್ನು ಓಡಿಸಬಾರದು. ಕಬ್ಬಿನ ನಾಡಾದ ಮಾರಿಷಸ್ ದ್ವೀಪಕ್ಕೆ ಮಿಡತೆಯ ಕಾಟ ತಡೆಯಲು 1762ರಲ್ಲಿ ಭಾರತದಿಂದ ಒಯ್ದದ್ದು ಇದೇ ಗೊರವಂಕವನ್ನು. ಅಲ್ಲಿ ಅದು ಈಗ ಎಲ್ಲೆಡೆ ಹಬ್ಬಿದೆ.

ಏಷ್ಯಾ ಖಂಡದ ದೇಶಗಳಲ್ಲಿ 1987ರಿಂದ ಪ್ರತಿ ವರ್ಷ ಜನವರಿಯಲ್ಲಿ ನೀರುಹಕ್ಕಿಗಳ ಎಣಿಕೆ ನಡೆಯುತ್ತ ಬಂದಿದೆ. ನಮ್ಮ ಹೊಳೆಯ ಮಡುಗಳಲ್ಲಿ, ಊರಿನ ಕೆರೆಗಳಲ್ಲಿ ಜನವರಿಯಲ್ಲೇ ಎಣಿಸಿಟ್ಟರೆ ಬೇರೆ ಊರಿನ ಲೆಕ್ಕದೊಡನೆ ಹೋಲಿಸಲು ಅನುಕೂಲ. ಚಿತ್ರದ ಬೆನ್ನಿಗೆ, ಇಲ್ಲವೆ ಜೊತೆಗೊಂದು ಚೀಟಿಯಲ್ಲಿ, ತಾರೀಖು, ಹೊತ್ತು, ನಿಂತ ಜಾಗ, ನೋಡಿದ ದಿಕ್ಕು, ಇಡೀ ಹಿಂಡೋ ಒಂದು ಭಾಗವೋ, ಒಟ್ಟು ಎಷ್ಟು ಚೌಕದಲ್ಲಿ ಎಷ್ಟನ್ನು ಎಣಿಸಿದ್ದು, ಎಣಿಸಿದವರ ಹೆಸರು ಇವನ್ನು ಅಂದೇ ಬರೆಯಬೇಕು. ನಾಳೆ ಬರೆಯೋಣವೆಂದರೆ ಹೊತ್ತು ಮರೆಯುತ್ತದೆ. ಚುಕ್ಕೆಯಿಟ್ಟ ಪ್ರತಿಯ ಜೊತೆಗೆ ಚುಕ್ಕೆಯಿಡದ ಮೂಲ ಚಿತ್ರವನ್ನೂ ಜೋಪಾನವಾಗಿ ಇಟ್ಟುಕೊಂಡಿರಬೇಕು. ಸಂಶಯಪಟ್ಟವರು ಮೊದಲಿನಿಂದ ಎಣಿಸಿ ನೋಡಲು ಕೇಳುವುದು ಅದನ್ನೇ.